ಕಾಕಾನ ವ್ಯಾನಿನ ಹೀಟರು

ನಮ್ಮ ಮನೆಯಲ್ಲಿ ಮದುವೆ ಇರಲಿ, ತೊಟ್ಟಿಲ ಕಾರ್ಯ ಇರಲಿ, ಊಟವಾದ ಮೇಲೆ ಯಾರಾದರೊಬ್ಬರು ಆ ಮಾತು ತೆಗೆಯುತ್ತಾರೆ. "ಅವತ್ತ ಖಾನಾಪುರದಿಂದ ಬರೂ ಮುಂದ ಬಾಣಂತಿಗೆ ಥಂಡಿ ಬಡೀತು ನೋಡ್ರಿ. ಸಾಯೂದೊಂದ ಬಾಕಿ ಇತ್ತು." ಎಲ್ಲರೂ ತಲೆಯಾಡಿಸುತ್ತಾರೆ. ನಾನು ಎದ್ದು ಹೊರಗೆ ಹೋಗುತ್ತೇನೆ. ಅಕ್ಕನಿಗೆ ಬಡಿದದ್ದು ಥಂಡಿಯಲ್ಲ. ಆ ಗಾಡಿಯ ಮುಂದಿನ ಸೀಟಿನಲ್ಲಿ ನಾನು ಕುಳಿತಿದ್ದೆ. ಇವತ್ತಿಗೂ ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಬಸ್ಸು ಹತ್ತಿದರೆ ನನ್ನ ಕಿವಿ ಹಿಂದಿನ ಸೀಟುಗಳ ಕಡೆಗೇ ಇರುತ್ತದೆ, ಯಾವುದಾದರೂ ಕೂಸು ಅಳು ನಿಲ್ಲಿಸಿತೇ ಎಂದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎಸ್ಸಿ. ಓದುತ್ತಿದ್ದೆ. ಬೆಳಗಾವಿಯ ವಡಗಾವಿಯಲ್ಲಿದ್ದ ನಮ್ಮ ಮನೆಯ ಮುಂಭಾಗದಲ್ಲಿ ಮಗ್ಗ, ಹಿಂದೆ ಅಡುಗೆಮನೆ. ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಸೀರೆಯ ಗಂಟು ಸಾಗಿಸಲು ಹಳೆಯ ವಿಲಾಯತಿ ವ್ಯಾನೊಂದನ್ನು ಕೊಂಡಿದ್ದ. ಅದರಲ್ಲಿ ಹೀಟರ್ ಇತ್ತು. ಓಣಿಯಲ್ಲಿ ಯಾರೇ ಸಿಕ್ಕರೂ ಕಾಕಾ ಅದರ ಗುಂಡಿ ತಿರುಗಿಸಿ ತೋರಿಸುತ್ತಿದ್ದ. ಆದರೆ ಹಿಂದಿನ ಬೇಸಿಗೆಯಲ್ಲಿ ಒಮ್ಮೆ ಏರು ದಾರಿಯಲ್ಲಿ ಎಂಜಿನ್ನಿನ ನೀರು ಕುದಿದಿತ್ತು. ಆಗ ಕಾಕಾ ಥರ್ಮೋಸ್ಟ್ಯಾಟ್ ಬಿಚ್ಚಿಸಿಬಿಟ್ಟ. ಎಂಜಿನ್ನಿನ ನೀರು ಚೆನ್ನಾಗಿ ಬಿಸಿಯಾಗುವ ತನಕ ಅದನ್ನು ತಣಿಸುವ ರೇಡಿಯೇಟರಿಗೆ ಬಿಡದೆ ತಡೆಯುವ ಹಿತ್ತಾಳೆಯ ಪುಟ್ಟ ಮುಚ್ಚಳ ಅದು. "ಇದು ಬಿಳೇ ಮಂದಿ ದೇಶದ ಸಾಮಾನು. ನಮ್ಮ ಬಿಸಿಲಿಗೆ ಇದ್ಯಾಕ ಬೇಕು?" ಎಂದಿದ್ದ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಅದನ್ನು ಕಿತ್ತರೆ ಎಂಜಿನ್ ತಣ್ಣಗಿರುತ್ತದೆ, ನಿಜ. ಆದರೆ ಹೀಟರಿಗೆ ಶಾಖ ಬರುವುದು ಅದೇ ನೀರಿನಿಂದ.

ಆ ಮಳೆಗಾಲದಲ್ಲಿ ಅಕ್ಕನಿಗೆ ಗಂಡನ ಮನೆಯಲ್ಲೇ, ಖಾನಾಪುರದಲ್ಲಿ, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಚೊಚ್ಚಲ ಬಾಣಂತನ ತವರಿನಲ್ಲಿಯೇ ಆಗಬೇಕೆಂದು ನಮ್ಮ ಆಯಿಯ ಹಟ. ಅಪ್ಪನ ತಾಯಿ ಆಕೆ. ಮನೆಯಲ್ಲಿ ಆಕೆಯ ಮಾತಿಗೆ ಎದುರಿರಲಿಲ್ಲ. ಇಂಥ ಮಳೆಯಲ್ಲಿ ಹಸಿ ಬಾಣಂತಿಯನ್ನು ಕಳಿಸುವುದಿಲ್ಲ ಎಂದು ಬೀಗರು ಪಟ್ಟು ಹಿಡಿದರು. ಆಗ ಕಾಕಾ ಎದೆ ತಟ್ಟಿ ಹೇಳಿಕಳಿಸಿದ, ನಮ್ಮ ಗಾಡಿಯಲ್ಲಿ ಹೀಟರ್ ಐತಿ ಎಂದು. ಆ ಒಂದು ಮಾತಿನ ಮೇಲೆ ಅವರು ಒಪ್ಪಿದ್ದು.

ಕಾಕಾ, ಆಯಿ, ನಾನು ಹೊರಟೆವು. ಮಚ್ಛೆ ದಾಟುವ ಹೊತ್ತಿಗೇ ನನ್ನ ಕಾಲು ಮರಗಟ್ಟಿತ್ತು. ಹೀಟರಿನಿಂದ ಬರುತ್ತಿದ್ದದ್ದು ಬಾವಿಯ ಬಾಯಿಂದ ಬರುವಂಥ ಗಾಳಿ. ನೀರಿನ ಬಿಸಿ ತೋರಿಸುವ ಮುಳ್ಳು ಕೆಳಗೆ ಒರಗಿಕೊಂಡಿತ್ತು.

"ಕಾಕಾ, ಎಂಜಿನ್ ಬಿಸೀನ ಆಗವಲ್ದು. ಹೀಟರ್ ಹೆಂಗ ನಡೀತೈತಿ?"

"ಎಂಜಿನ್ ಥಂಡ ಐತಿ ಅಂದ್ರ ತಬ್ಬೇತ್ ಚಲೋ ಐತಿ ಅಂತ ಅರ್ಥ. ಕಾಲೇಜಿನ್ಯಾಗ ಇಷ್ಟೂ ಹೇಳಿಕೊಡಲಿಲ್ಲೇನು?"

"ಮತ್ತ ಅಕ್ಕಗ ಏನ್ ಹೇಳೂದು?"

"ನೀ ಏನೂ ಹೇಳಬ್ಯಾಡ. ಬಾಯಿ ಮುಚ್ಚು, ಅಷ್ಟರ ಮ್ಯಾಗ ಬೆಚ್ಚಗಾಕ್ಕೈತಿ." ಹಿಂದಿನಿಂದ ಆಯಿ ನಕ್ಕಳು.

ಖಾನಾಪುರದಲ್ಲಿ ಅಕ್ಕನ ಅತ್ತೆ ಗಾಡಿಯೊಳಗೆ ಕೈ ಚಾಚಿ ನೋಡಿದರು. "ಬೀಗರ, ಬಿಸಿ ಎಲ್ಲೈತ್ರಿ ಇದರಾಗ?"

ಆಗಲಾದರೂ ಕಾಕಾ ನಿಜ ಹೇಳಬಹುದಿತ್ತು. ಮಳೆ ನಿಲ್ಲಲಿ, ಇನ್ನೊಂದು ದಿನ ಬರುತ್ತೇವೆ ಎನ್ನಬಹುದಿತ್ತು. "ಹೀಟರ್ ಸ್ವಲ್ಪ ತಡಾ ಮಾಡತೈತ್ರಿ. ಅಲ್ಲೀತನಕ ಒಂದ್ ಶೇಗಡಿ ಇಟ್ಟರಾತು" ಎಂದ. ಬೀಗರ ಮುಂದೆ ಅವನ ಮಾತು ಉಳಿಯಿತು.

ಬಾಣಂತಿಯ ಕೋಣೆಯಲ್ಲಿದ್ದ ಕೆಂಡದ ಶೇಗಡಿಯನ್ನೇ ತಂದು ವ್ಯಾನಿನ ಹಿಂಭಾಗದಲ್ಲಿ, ಗಾದಿಯ ಪಕ್ಕ ಇಟ್ಟರು. ಮೇಲೆ ಲೋಬಾನ, ಅಜವಾನ ಉದುರಿಸಿದರು. ಆಯಿ ಕಿಟಕಿಯ ಸಂದುಗಳಿಗೆಲ್ಲ ಹಳೆಯ ಬಟ್ಟೆ ತುರುಕಿದಳು. ಮುಂದಿನ ಸೀಟಿನ ಹಿಂದೆ ಕೌದಿಯೊಂದನ್ನು ಪರದೆಯಂತೆ ಕಟ್ಟಿದಳು. ನಾನು ಗಾಡಿಯ ಬಾಗಿಲು ಹಿಡಿದು ನಿಂತೆ.

"ಆಯಿ, ಮುಚ್ಚಿದ ಗಾಡ್ಯಾಗ ಕೆಂಡ ಇಡಬಾರದು. ಇದ್ದಿಲಿನಿಂದ ವಿಷಾ ಬರತೈತಿ. ಅದು ಕಣ್ಣಿಗೂ ಕಾಣೂದಿಲ್ಲ, ಮೂಗಿಗೂ ಬಡಿಯೂದಿಲ್ಲ."

"ಕಾಣೂದಿಲ್ಲ, ಬಡಿಯೂದಿಲ್ಲ, ಮತ್ತ ನಿನಗ ಹೆಂಗ ಗೊತ್ತಾತು?" ಎಂದಳು ಆಯಿ. "ಹೊಗಿ ಇಲ್ಲದ ಚಲೋ ಕೆಂಡ ಇವು. ನಿಮ್ಮಪ್ಪನ್ನ ಇದರ ಬಾಜೂಕ ಬೆಳೆಸೀನಿ."

ಅಕ್ಕ ನನ್ನ ಮುಖ ನೋಡಿದಳು, ಆಯಿಯ ಮುಖ ನೋಡಿದಳು, ಕೂಸನ್ನು ಎದೆಗವಚಿಕೊಂಡು ಒಳಗೆ ಹತ್ತಿದಳು. ಹೊರಗಿನಿಂದ ಬಾಗಿಲು ಹಾಕಿದ್ದು ಕಾಕಾ. ಆ ಸದ್ದು ನನಗೆ ಈಗಲೂ ಕೇಳುತ್ತದೆ.

ಮುಂದಿನ ಸೀಟಿನಲ್ಲಿದ್ದ ನಮಗೇನೂ ಆಗಲಿಲ್ಲ. ಕೈ ಹೊರಗೆ ಚಾಚಿ ಸಿಗ್ನಲ್ ಕೊಡಬೇಕಾದ್ದರಿಂದ ಕಾಕಾನ ಕಿಟಕಿ ಅರ್ಧ ತೆರೆದೇ ಇತ್ತು; ಮಳೆ ನನ್ನ ತನಕ ಸಿಡಿಯುತ್ತಿತ್ತು. ಕೌದಿಯ ಹಿಂದೆ ಮೊದಮೊದಲು ಕೂಸು ಅಳುತ್ತಿತ್ತು, ಆಯಿ ಜೋಗುಳ ಹಾಡುತ್ತಿದ್ದಳು. ಆಮೇಲೆ ಆಯಿ ತಲೆ ಸಿಡಿಯುತ್ತದೆ ಎಂದಳು. ಆಮೇಲೆ ಜೋಗುಳ ಎಲ್ಲೋ ಮಧ್ಯದಲ್ಲಿ ನಿಂತಿತು. ಕೂಸಿನ ಅಳುವೂ ನಿಂತಿತು.

"ನೋಡು, ಬೆಚ್ಚಗಾಗಿ ಮಲಗ್ಯಾರ" ಎಂದ ಕಾಕಾ.

"ಅಕ್ಕಾ" ಎಂದು ಕರೆದೆ. ಇನ್ನೊಮ್ಮೆ ಕರೆದೆ. ಕೌದಿ ಎತ್ತಿದರೆ ಲೋಬಾನದ ವಾಸನೆ, ಮುಖಕ್ಕೆ ಹೊಡೆಯುವ ಸೆಕೆ. ಅಕ್ಕನ ತಲೆ ಗಾಡಿ ಕುಲುಕಿದ ಕಡೆಗೆಲ್ಲ ಹೊರಳುತ್ತಿತ್ತು. ಗಾಡಿ ನಿಲ್ಲಿಸು ಎಂದೆ. "ಮಳ್ಯಾಗ ಬಾಗಿಲಾ ತಗದ್ರ ಬಾಣಂತಿಗೆ ಸನ್ನಿ ಆಕ್ಕೈತಿ. ದೇಸೂರ ಬರಲಿ" ಎಂದ. ನಾನು ಓಡುತ್ತಿದ್ದ ಗಾಡಿಯಲ್ಲಿ ನನ್ನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ. ಆಗ ಬ್ರೇಕ್ ಹಾಕಿದ.

ಹಿಂದಿನ ಬಾಗಿಲು ಕಿತ್ತು ತೆಗೆದು ಶೇಗಡಿಯನ್ನು ರಸ್ತೆಗೆ ಒದ್ದೆ. ಕೆಂಡಗಳು ಮಳೆನೀರಿನಲ್ಲಿ ಚುಂಯ್ ಎಂದವು. ಕೂಸನ್ನು ಎತ್ತಿ ಹೊರಗೆ ತಂದೆ. ಅದು ಅಳಲಿಲ್ಲ. ಮಳೆ ಅದರ ಮುಖದ ಮೇಲೆ ಬಿದ್ದರೂ ಅಳಲಿಲ್ಲ. ನಾನು ಅದರ ಬೆನ್ನು ಉಜ್ಜಿದೆ, ಅಂಗಾಲು ಚಿವುಟಿದೆ. ಎಷ್ಟು ಹೊತ್ತು ಎಂದು ಹೇಳಲಾರೆ. ಕೊನೆಗೆ ಬೆಕ್ಕಿನ ಮರಿಯಂತೆ ಒಂದು ಸಣ್ಣ ಸದ್ದು ಮಾಡಿತು. ಆಯಿ ಬಾಗಿಲಿಗೆ ತೆವಳಿ ಬಂದು ವಾಂತಿ ಮಾಡಿಕೊಂಡಳು. ಅಕ್ಕನನ್ನು ನಾನೂ ಕಾಕಾನೂ ಎಳೆದು ಗಾಳಿಗೆ ಮಲಗಿಸಿದೆವು. ಆಕೆ ಕಣ್ಣು ತೆರೆದಳು, ನನ್ನ ಗುರುತು ಸಿಗಲಿಲ್ಲ.

ಬೆಳಗಾವಿಯಲ್ಲಿ ಡಾಕ್ಟರು ಆಕ್ಸಿಜನ್ ಕೊಟ್ಟರು. ಇದ್ದಿಲ ಅನಿಲವೇ ಎಂದು ಕಾಕಾನ ಎದುರಿಗೇ ಹೇಳಿದರು. ಕಾಕಾ ತಲೆಯಾಡಿಸಿದ. ಮನೆಗೆ ಬಂದು ಅಂಗಿ ಬದಲಿಸುವ ಹೊತ್ತಿಗೆ ಅವನ ಬಾಯಲ್ಲಿ ಅದು ಥಂಡಿಯಾಗಿತ್ತು. ನಾಲ್ಕು ಮಂದಿಗೆ ಹೇಳುವ ಹೊತ್ತಿಗೆ, ಕಾಲೇಜು ಕಲಿತ ಹುಡುಗಿ ಹಸಿ ಕೂಸನ್ನು ಮಳೆಯಲ್ಲಿ ಹಿಡಿದದ್ದರಿಂದ ಬಂದ ಥಂಡಿಯಾಗಿತ್ತು.

ಬಾಣಂತನ ಮುಗಿಸಿ ಅಕ್ಕ ಅದೇ ವ್ಯಾನಿನಲ್ಲಿ ವಾಪಸು ಹೋಗಬೇಕಿತ್ತು. ಹೀಟರ್ ರಿಪೇರಿ ಮಾಡಿಸದಿದ್ದರೆ ಬೀಗರ ಅಂಗಳದಲ್ಲಿ ನಿಂತು ಎಲ್ಲ ಹೇಳುತ್ತೇನೆ, ಮಾಡಿಸಿದರೆ ಬಾಯಿ ಬಿಡುವುದಿಲ್ಲ ಎಂದು ಕಾಕಾನಿಗೆ ಮಾತು ಕೊಟ್ಟೆ. ಗ್ಯಾರೇಜಿಗೆ ನಾನೂ ಹೋದೆ. "ಬಾನೆಟ್ಟಿನ್ಯಾಗ ತಲಿ ಹಾಕೂ ಹುಡುಗೀನ ಯಾರ್ ಮಾಡ್ಕೋತಾರ?" ಎಂದ ಕಾಕಾ. "ಹೀಟರ್ ಇಲ್ಲದ ಗಾಡಿಗೆ ಹೀಟರ್ ಐತಿ ಅನ್ನೂ ಮಂದಿ ಮನಿಯವರು ಮಾಡ್ಕೋಬಾರದು, ಅಷ್ಟ" ಎಂದೆ.

ಎಂಜಿನ್ ಓಡಿಸಿ, ಹೀಟರಿಗೆ ಹೋಗಿ ಬರುವ ಎರಡೂ ರಬ್ಬರ್ ಪೈಪು ಮುಟ್ಟಿ ನೋಡಿದೆವು. ಒಂದು ಬಿಸಿ, ಒಂದು ತಣ್ಣಗೆ ಇದ್ದಿದ್ದರೆ ಹೀಟರಿನೊಳಗೆ ಕಸ ಕಟ್ಟಿದೆ ಎನ್ನಬಹುದಿತ್ತು. ಎರಡೂ ಒಂದೇ ತೆರ, ಉಗುರುಬೆಚ್ಚಗೆ. ಬರುವ ನೀರೇ ಬಿಸಿಯಿಲ್ಲ. ರೇಡಿಯೇಟರಿನ ಮುಂದೆ ರಟ್ಟು ಇಟ್ಟು ಗಾಳಿ ತಡೆದಾಗ ಮುಳ್ಳು ಮೇಲೆದ್ದಿತು, ಪೈಪು ಕೈ ಸುಟ್ಟವು. ಇನ್ನು ಅನುಮಾನವೇ ಇರಲಿಲ್ಲ. ಥರ್ಮೋಸ್ಟ್ಯಾಟ್ ಎಲ್ಲಿ ಎಂದು ಕೇಳಿದರೆ ಕಾಕಾ ಡ್ಯಾಶ್‌ಬೋರ್ಡಿನ ಖಾನೆಯಿಂದ ತೆಗೆದುಕೊಟ್ಟ. ಅಷ್ಟು ದಿನವೂ ಅದು ಅಲ್ಲೇ, ಹೀಟರಿನ ಗುಂಡಿಯ ಬಾಜೂಕೇ, ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಿದ್ದಿತ್ತು. ಖಾನಾಪುರಕ್ಕೆ ಹೋಗುವಾಗಲೂ, ಬರುವಾಗಲೂ.

ಮನೆಯಲ್ಲಿ ಹಾಲಿನ ಪಾತ್ರೆಯಲ್ಲಿ ನೀರು ಕಾಯಿಸಿ ಅದನ್ನು ಮುಳುಗಿಸಿದೆ. ಬಿಸಿಯೇರಿದಂತೆ ಮುಚ್ಚಳ ಮೆಲ್ಲಗೆ ತೆರೆಯಿತು, ತಣ್ಣೀರು ಸುರಿದರೆ ಮುಚ್ಚಿತು. ಏನೂ ಕೆಟ್ಟಿರಲಿಲ್ಲ. ಗ್ಯಾರೇಜಿನವರು ನೀರು ಸೋರದಂತೆ ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಿ, ನೀರು ತುಂಬಿ, ಸಿಕ್ಕಿಕೊಂಡಿದ್ದ ಗಾಳಿ ಬಿಡಿಸಿದರು. ಬೇಸಿಗೆಯಲ್ಲಿ ಕುದಿಯಲು ನಿಜವಾದ ಕಾರಣ ರೇಡಿಯೇಟರಿನ ಕೆಸರು, ಅದನ್ನೂ ತೊಳೆದರು. ಕಾಕತಿಯ ತನಕ ಹೋಗಿ ಬರುವಷ್ಟರಲ್ಲಿ ಕಾಲಿಗೆ ಬಿಸಿಗಾಳಿ ಬಡಿಯಿತು. "ನಾ ಮೊದಲ ಹೇಳಿರಲಿಲ್ಲ, ಹೀಟರ್ ಐತಿ ಅಂತ?" ಎಂದ ಕಾಕಾ. ನನಗೆ ಆ ಗುಂಡಿ ಕಿತ್ತು ಅವನ ಬಾಯಿಗೆ ತುರುಕಬೇಕೆನಿಸಿತು.

ಅಕ್ಕನನ್ನು ಕಳಿಸುವ ದಿನವೂ ಜಿಟಿಜಿಟಿ ಮಳೆ. ಆಯಿ ಶೇಗಡಿ ಹಿಡಿದು ಹೊರಗೆ ಬಂದಳು. "ಇರಲಿ ತಗೋರಿ, ಯಂತ್ರದ ಮಾತು ಏನ್ ನಂಬೂದು." ಹುಟ್ಟಿದಾಗಿನಿಂದ ಆಯಿಗೆ ಎದುರಾಡದ ಅಕ್ಕ, "ಅದು ಗಾಡ್ಯಾಗ ಬಂದ್ರ ನಾ ಬರೂದಿಲ್ಲ" ಎಂದಳು. ದಾರಿಯುದ್ದಕ್ಕೂ ಆಕೆ ಕೂಸಿನ ಪಾದಗಳನ್ನು ಬಿಸಿಗಾಳಿಗೆ ಹಿಡಿದಿದ್ದಳು.

ಖಾನಾಪುರದಲ್ಲಿ ನಾನು ಕೊಟ್ಟ ಮಾತು ಮುರಿದೆ. ಕಾಕಾ ಚಹಾ ಕುಡಿಯುತ್ತಿದ್ದಾಗ ಅಕ್ಕನ ಅತ್ತೆಗೆ ಎಲ್ಲ ಹೇಳಿದೆ, ಕೆಂಡ, ಮುಚ್ಚಳ, ಡಾಕ್ಟರ ಮಾತು. ಅವರು ಸಮಾಧಾನವಾಗಿ ಕೇಳಿ, "ಥಂಡಿನ ಇರಬೇಕ ಬಿಡವಾ" ಎಂದರು. ಎದ್ದು ಒಳಗೆ ಹೋದೆ. ಅಕ್ಕನ ಕೋಣೆಯಲ್ಲಿ ಆಗಲೇ ಶೇಗಡಿ ಹೊತ್ತಿಸಿ, ಕಿಟಕಿ ಭದ್ರವಾಗಿ ಮುಚ್ಚಿದ್ದರು. ಯಾರನ್ನೂ ಕೇಳದೆ ಒಂದು ಕದ ತೆರೆದೆ. ಮಳೆಯ ಗಾಳಿ ಒಳಗೆ ನುಗ್ಗಿತು. ತೊಟ್ಟಿಲ ಹಗ್ಗ ಹಿಡಿದಿದ್ದ ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಇನ್ನೊಂದೀಟು ತಗಿ."