ಆಯುಧಪೂಜೆಯ ದಿನದ ಪಂಕ್ಚರ್

ನಮ್ಮಪ್ಪನಿಗೆ ಹಲಸೂರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇತ್ತು. ಕೈಚಳಕ ಅವರಿಗೆ ಬಂದದ್ದು ಜಟಕಾ ಗಾಲಿ ಕಟ್ಟುತ್ತಿದ್ದ ತಾತನಿಂದ. ಗಂಡುಮಕ್ಕಳಿಲ್ಲದ್ದರಿಂದ ಅದು ನನಗೆ ಬಂತು. ಹತ್ತು ವರ್ಷಕ್ಕೇ ಪಂಕ್ಚರ್ ಹಾಕುತ್ತಿದ್ದೆ. ಟ್ಯೂಬಿಗೆ ಸೊಲ್ಯೂಷನ್ ಸವರಿ, ಅದು ಒಣಗಲು ಹದಿಮೂರರ ಮಗ್ಗಿ ಹೇಳುವಷ್ಟು ಹೊತ್ತು ಕಾದು, ಆಮೇಲೆ ಪ್ಯಾಚ್ ಅಂಟಿಸಬೇಕು. ಅಂಗಡಿಯಲ್ಲಿ ಗಡಿಯಾರ ಇರಲಿಲ್ಲ.

ಕಾನ್ವೆಂಟಿನಲ್ಲಿ ಮಾತ್ರ ಈ ವಿದ್ಯೆಯ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ‘ಮೈ ಫಾದರ್’ ಎಂಬ ಕಾಂಪೊಸಿಷನ್‌ನಲ್ಲಿ ನನ್ನ ಬ್ಯೂಟಿಫುಲ್ ಹ್ಯಾಂಡ್‌ರೈಟಿಂಗ್‌ನಲ್ಲಿ ಅಪ್ಪ ಇಂಜಿನಿಯರ್ ಎಂದು ಬರೆದು, ಹತ್ತಕ್ಕೆ ಎಂಟು ತೆಗೆದುಕೊಂಡಿದ್ದೆ.

ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್. ನಮ್ಮ ಇಂಗ್ಲಿಷ್ ಮಿಸ್ ಕೂಡ ಸೈಕಲ್ಲಿನಲ್ಲೇ ಓಡಾಡುತ್ತಿದ್ದರು. ಆ ಆಯುಧಪೂಜೆಯ ಬೆಳಿಗ್ಗೆ ಗಾಳಿ ಹೋದ ಸೈಕಲ್ ತಳ್ಳಿಕೊಂಡು ನೇರ ನಮ್ಮಂಗಡಿಗೇ ಬಂದರು. ನಾನು ಬಾಗಿಲ ಹಿಂದೆ ಸರಿಯುವಷ್ಟರಲ್ಲಿ ನೋಡಿಬಿಟ್ಟರು.

“ಯೂ? ಹಿಯರ್?”

“ನಮ್ಮ ಅಂಗಡಿ, ಮಿಸ್,” ಎಂದೆ. ಕೈಯಲ್ಲಿ ಚೆಂಡುಹೂವಿನ ಹಾರ ಇತ್ತು, ಬೇರೇನು ಹೇಳಲಿ?

ಸ್ಪ್ಯಾನರು, ಟೈರು ಬಿಚ್ಚುವ ಲಿವರು, ಪಂಪು ಎಲ್ಲ ಅರಿಶಿನ ಕುಂಕುಮ ಇಡಿಸಿಕೊಂಡು ಮಣೆಯ ಮೇಲೆ ಕೂತಿದ್ದವು. ಮಾರನೆಯ ದಿನದವರೆಗೆ ನಾವು ಅವನ್ನು ಮುಟ್ಟುವಂತಿಲ್ಲ. ಮಿಸ್ಸಿಗೋ ಇನ್ನೊಂದು ಗಂಟೆಯಲ್ಲಿ ಯಾರದೋ ಮದುವೆಯಲ್ಲಿ ಪಿಯಾನೊ ಬಾರಿಸಬೇಕಿತ್ತು.

ಅಪ್ಪ ಯೋಚಿಸಿದರು. “ನಾವು ಮುಟ್ಟಂಗಿಲ್ಲ. ಅಮ್ಮಾವ್ರ ದೇವರು ಬೇರೆ, ಅವ್ರು ಮುಟ್ಬೋದು. ನೀನು ಕೈ ಹಿಂದೆ ಕಟ್ಕೊಂಡು ಬಾಯಲ್ಲಿ ಹೇಳ್ಕೊಡು.”

ಹೀಗೆ ನನ್ನ ಮೊದಲ ಸ್ಟೂಡೆಂಟ್ ನನ್ನ ಟೀಚರೇ ಆದರು. ಲಿವರಿನ ಕುಂಕುಮವೆಲ್ಲ ಅವರ ಬಿಳಿ ಫ್ರಾಕಿಗೆ ಬಂತು.

“ನಾಟ್ ಲೈಕ್ ದಟ್, ಮಿಸ್. ಅಗೇನ್,” ಎಂದೆ. ವರ್ಷವಿಡೀ ಅವರಿಂದ ಕೇಳಿದ್ದ ರಾಗವೇ ತಾನಾಗಿ ಬಂತು.

ಟ್ಯೂಬನ್ನು ಬಕೀಟಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಜಾಗ ಹುಡುಕಿ, ಒರೆಸಿ ಉಜ್ಜಿ ಸೊಲ್ಯೂಷನ್ ಸವರಿದರು. ಆಮೇಲೆ ಕಣ್ಣು ಮುಚ್ಚಿ ಮೆಲ್ಲಗೆ ಏನೋ ಹೇಳತೊಡಗಿದರು.

“ಏನ್ ಹೇಳ್ತಾವ್ರೆ?” ಅಪ್ಪ ಕೇಳಿದರು.

“ಅವರ ಪ್ರಾರ್ಥನೆ. ಹದಿಮೂರರ ಮಗ್ಗಿ ಬರಲ್ವಂತೆ.”

“ಚಿಕ್ಕದಾಯ್ತು. ಇನ್ನೊಂದ್ಸಲ ಹೇಳ್ಸು.”

ಪ್ಯಾಚ್ ಅಂಟಿತು, ಗಾಳಿ ನಿಂತಿತು. ಮಿಸ್ ಹಣೆ ಒರೆಸಿಕೊಂಡು ಅಪ್ಪನನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. “ಸೋ ದಿಸ್ ಈಸ್ ದಿ ಇಂಜಿನಿಯರ್.”

ಅಪ್ಪನಿಗೆ ಇಂಗ್ಲಿಷ್ ಬಾರದಿದ್ದರೂ ಆ ಕೊನೆಯ ಪದ ಬರುತ್ತಿತ್ತು. “ಯಾರಂತೆ ಇಂಜಿನಿಯರು?”

“ನೀವು. ನಾನು ಸ್ಕೂಲಲ್ಲಿ ಹಾಗಂತ ಬರೆದಿದ್ದೆ.”

ಅಪ್ಪ ಬಯ್ಯಲಿಲ್ಲ. “ಅಲ್ಲ ಅಂತ ಹೇಳು. ಇಂಜಿನಿಯರ್‌ಗಳ ಸೈಕಲ್ಲೂ ನಮ್ಮತ್ರಾನೇ ಬರ್ತವೆ ಅಂತಾನೂ ಹೇಳು,” ಎಂದರು. ತಲೆ ತಗ್ಗಿಸಿ ವರ್ಡ್ ಫಾರ್ ವರ್ಡ್ ಹೇಳಿದೆ. ಮಿಸ್ ಅಪ್ಪನಿಗೆ ಕೈಮುಗಿದು ಸೈಕಲ್ ಹತ್ತಿದರು.

ರಜೆ ಮುಗಿದ ದಿನ ಅವರು ನನ್ನನ್ನು ಕ್ಲಾಸಿನ ಮುಂದೆ ನಿಲ್ಲಿಸಿದರು. ಇವಳ ತಂದೆಗೆ ಸೈಕಲ್ ಶಾಪ್ ಇದೆ, ಪಂಕ್ಚರ್ ಹಾಕುವುದನ್ನು ನಾನು ಇವಳಿಂದಲೇ ಕಲಿತೆ ಎಂದು ಭಾರೀ ಹೆಮ್ಮೆಯಿಂದ ಸಾರಿದರು. ಆ ಮಹಾತಾಯಿ ಅದನ್ನು ಬಹುಮಾನವೆಂದೇ ತಿಳಿದಿದ್ದರು. ಅವತ್ತಿನಿಂದ ಸ್ಕೂಲಿನಲ್ಲಿ ನನ್ನ ಹೆಸರೇ ಪಂಕ್ಚರ್ ಆಯಿತು. ಒಂದು ವಾರ ಅತ್ತೆ. ಎರಡನೆಯ ವಾರ, ನನ್ನನ್ನು ನೋಡಿ ಅತಿ ಜೋರಾಗಿ ನಕ್ಕಿದ್ದ ಹುಡುಗಿ ಗೇಟಿನ ಬಳಿ ಸೈಕಲ್ ಹಿಡಿದು ನಿಂತಿದ್ದಳು.

“ಪಂಕ್ಚರ್, ಸ್ವಲ್ಪ ನೋಡೇ, ಗಾಳಿ ನಿಲ್ತಿಲ್ಲ.”

“ನಾನು ಮಾಡ್ಕೊಡಲ್ಲ,” ಎಂದೆ. “ತೋಳು ಮೇಲಕ್ಕೆ ಮಡಿಚ್ಕೋ, ಹೇಳ್ಕೊಡ್ತೀನಿ.”