ಶಾರ್ಟ್‌ಸ್ಟಾಪ್ ಮಗಳು, ಸ್ಕೋರರ್ ತಾಯಿ

ಭಾನುವಾರ ಬೆಳಗಿನ ಏಳು ಗಂಟೆ. ಹೇಸ್ ಊರಂಚಿನ ಕೌನ್ಸಿಲ್ ಮೈದಾನದಲ್ಲಿ ಹುಲ್ಲು ಇನ್ನೂ ಒದ್ದೆಯಾಗಿದೆ. ಹೀಥ್ರೂ ಕಡೆಗೆ ವಿಮಾನಗಳು ಒಂದರ ಬೆನ್ನಿಗೊಂದು ಇಳಿಯುತ್ತಿವೆ. ಉಣ್ಣೆ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡ ಹೆಂಗಸೊಬ್ಬರು ಮಡಚುವ ಮೇಜಿನ ಒಂದು ಕಾಲಿನ ಕೆಳಗೆ ರಟ್ಟಿನ ಚೂರು ಸಿಕ್ಕಿಸಿ, ಅಲುಗಾಡುತ್ತದೆಯೇ ಎಂದು ಅಂಗೈಯಿಂದ ಒತ್ತಿ ನೋಡುತ್ತಾರೆ. ಗಾಳಿಗೆ ಹಾರದಂತೆ ಹಾಳೆಗಳಿಗೆ ಕ್ಲಿಪ್ ಹಾಕುತ್ತಾರೆ. ಆಮೇಲೆ ಎರಡೂ ತಂಡದ ಆಟಗಾರರ ಹೆಸರನ್ನು ಇಂಗ್ಲಿಷಿನ ದಪ್ಪಕ್ಷರಗಳಲ್ಲಿ ನಿಧಾನವಾಗಿ ಬರೆಯತೊಡಗುತ್ತಾರೆ.

ಇವರು ರತ್ನವ್ವ, ವಿಜಯಪುರ ಕಡೆಯವರು, ವಯಸ್ಸು ಐವತ್ನಾಲ್ಕು. ಲಂಡನ್ನಿನ ಹವ್ಯಾಸಿ ಬೇಸ್‌ಬಾಲ್ ಲೀಗಿನಲ್ಲಿ ಆಡುವ ಸ್ಥಳೀಯ ಕ್ಲಬ್ಬೊಂದಕ್ಕೆ ಏಳು ವರ್ಷಗಳಿಂದ ಸ್ಕೋರರ್. ಸಂಬಳವಿಲ್ಲ. ಆಟಗಾರರ ಅಂಕಿಅಂಶಗಳ ಪಟ್ಟಿಯನ್ನು ಜನ ಫೋನಿನಲ್ಲಿ ತೆರೆದು ನೋಡುತ್ತಾರೆ. ಅದನ್ನು ಬರೆದವರು ಯಾರೆಂದು ಕೇಳುವುದಿಲ್ಲ.

ವಾರದ ಉಳಿದ ದಿನಗಳಲ್ಲಿ ರತ್ನವ್ವನ ಕೆಲಸ ಬೇರೆ. ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯ ಶೀತಲ ಕೋಣೆಯಲ್ಲಿ ನಿಂತು ತಟ್ಟೆ ಜೋಡಿಸುತ್ತಾರೆ. "ಕೈ ಮರಗಟ್ಟತಾವ್ರೀ. ಮನಿಗೆ ಬಂದು ಬಿಸಿನೀರಾಗ ಅದ್ದಿದ್ರ ಬೆರಳು ನನ್ನವು ಅನಸ್ತಾವು," ಎಂದು ನಗುತ್ತಾರೆ. ಗಂಡ ಪರಪ್ಪ ಸೌತ್‌ಹಾಲ್‌ನ ಹೋಟೆಲೊಂದಕ್ಕೆ ಅಡುಗೆಯವರಾಗಿ ಬಂದವರು. ಭಾನುವಾರವೂ ಅವರಿಗೆ ಬಿಡುವಿಲ್ಲ. ಹಾಗಾಗಿ ಮಗಳನ್ನು ಮೈದಾನಕ್ಕೆ ಕರೆತರುವ ಪಾಳಿ ತಾಯಿಯದಾಯಿತು.

ಮಗಳು ಸೃಷ್ಟಿ. ಈಗ ಇಪ್ಪತ್ತೆರಡು, ರೇಡಿಯಾಗ್ರಫಿ ಓದುತ್ತಿದ್ದಾಳೆ. ಗಂಡು ಹೆಣ್ಣು ಕೂಡಿ ಆಡುವ ಈ ತಂಡದ ಶಾರ್ಟ್‌ಸ್ಟಾಪ್ ಅವಳು. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಂತು, ನೆಲಕ್ಕಂಟಿ ಬರುವ ಬಿರುಸಿನ ಚೆಂಡುಗಳನ್ನು ತಡೆದು ಎಸೆಯುವ ಜಾಗ ಅದು. ತಪ್ಪುಗಳು ಎಲ್ಲರಿಗಿಂತ ಹೆಚ್ಚು ಕಾಣುವ ಜಾಗವೂ ಹೌದು. ಹಿಡಿಯಬಹುದಾಗಿದ್ದ ಚೆಂಡು ಕೈತಪ್ಪಿದರೆ ಅವಳ ಲೆಕ್ಕಕ್ಕೆ 'ಎರರ್'. ಯಾರಿಂದಲೂ ಹಿಡಿಯಲಾಗದ್ದಾಗಿದ್ದರೆ ಹೊಡೆದವನ ಲೆಕ್ಕಕ್ಕೆ 'ಹಿಟ್'. ಯಾವುದೆಂದು ತೀರ್ಮಾನಿಸುವುದು ಸ್ಕೋರರ್ ಒಬ್ಬರೇ.

"ಮೊದಲ ವರ್ಷ ಥಂಡಿಯೊಳಗ ಸುಮ್ನ ಕುಂತು ಬ್ಯಾಸರಾಗ್ತಿತ್ತು. ಸ್ಕೋರ್ ಬರಿಯೋ ಮುದುಕ ಬಾಜೂಕ ಕುಂದರತಿದ್ದ. ಏನ್ ಬರೀತಿ ಅಂತ ಕೇಳಿದೆ. ಕಲಿಸಿಕೊಟ್ಟ. ಮುಂದಿನ ವರ್ಷ ಅಂವ ಊರು ಬಿಟ್ಟ, ಪೆನ್ಸಿಲ್ ನನ್ನ ಕೈಗೆ ಬಂತು," ಎನ್ನುತ್ತಾರೆ ರತ್ನವ್ವ. ಮೊದಮೊದಲು ತಪ್ಪು ಬರೆದು ಬೈಸಿಕೊಂಡದ್ದೂ ಉಂಟು. ಪಂದ್ಯ ಮುಗಿದ ಮೇಲೆ ಆಟಗಾರರ ಹಿಂದೆ ಓಡಿ, "ಆ ಚೆಂಡು ಯಾರು ಮುಟ್ಟಿದ್ರಿ?" ಎಂದು ವಿಚಾರಿಸುತ್ತಿದ್ದರಂತೆ.

ಏಳು ಸೀಸನ್‌ಗಳಲ್ಲಿ ಸೃಷ್ಟಿಯ ಪಾಲಿಗೆ ಬಂದ ಚೆಂಡುಗಳು ಐನೂರಾ ಇಪ್ಪತ್ತು, ಎರರ್ ಇಪ್ಪತ್ತಾರು. ಶಾರ್ಟ್‌ಸ್ಟಾಪ್ ಮಟ್ಟಿಗೆ ಇದು ಹೆಮ್ಮೆಪಡುವ ಲೆಕ್ಕ. ಆದರೆ ಕಳೆದ ಬೇಸಿಗೆಯಲ್ಲಿ ಎದುರಾಳಿ ತಂಡದ ಕೋಚ್ ಒಬ್ಬರು ಮೈದಾನದಲ್ಲೇ ಕೂಗಿ ಹೇಳಿದರು: ಅಮ್ಮನೇ ಬರೆಯುವಾಗ ಮಗಳ ಅಂಕಿ ಚೆನ್ನಾಗಿರದೆ ಇನ್ನೇನು? ರತ್ನವ್ವ ಅಂದೇ ಬಿಟ್ಟುಬಿಡುತ್ತೇನೆಂದರು. ಬೇರೆ ಯಾರೂ ಮುಂದೆ ಬರಲಿಲ್ಲ.

ಸೆಪ್ಟೆಂಬರಿನ ಕೊನೆಯ ಪಂದ್ಯದಲ್ಲಿ ಲೀಗಿನ ಅತ್ಯುತ್ತಮ ಶಾರ್ಟ್‌ಸ್ಟಾಪ್ ಪ್ರಶಸ್ತಿ ಸೃಷ್ಟಿಯ ಕೈಯಳತೆಯಲ್ಲಿತ್ತು. ಇನ್ನೊಂದು ಎರರ್ ಆದರೆ ಅದು ಬೇರೆ ಕ್ಲಬ್ಬಿನವನ ಪಾಲು. ಕೊನೆಯ ಇನಿಂಗ್ಸಿನಲ್ಲಿ ಚೆಂಡೊಂದು ನೇರ ಅವಳತ್ತ ಬಂತು. ಬಗ್ಗಿದಳು. ಚೆಂಡು ಕೈಗವಸಿನ ಅಂಚಿಗೆ ತಾಗಿ ಹಿಂದಕ್ಕೆ ಹಾರಿತು. ತಂಡದ ಮ್ಯಾನೇಜರ್ ಭಾರ್ಗವ ಮೇಜಿನತ್ತ ತಿರುಗಿ, "ಹಿಟ್ ಅಲ್ವಾ ಅಕ್ಕ? ಬ್ಯಾಡ್ ಹಾಪ್!" ಎಂದು ಕೂಗಿದರು. ಚೆಂಡು ನೆಲದಲ್ಲಿ ಅಡ್ಡಾದಿಡ್ಡಿ ಪುಟಿಯಿತು ಎಂಬುದು ಅವರ ವಾದ. ರತ್ನವ್ವ ಎರರ್ ಎಂದು ಬರೆದರು.

ಪಂದ್ಯವನ್ನು ತಂಡ ಗೆದ್ದಿತು. ಸಂಜೆ ಭಾರ್ಗವರ ಫೋನ್: "ಬದಲಾಯ್ಸೋಕೆ ನಾಳೆವರೆಗೂ ಟೈಮ್ ಇದೆ ಅಕ್ಕ. ಯಾರೂ ಏನೂ ಕೇಳಲ್ಲ."

"ಚೆಂಡು ನೆಟ್ಟಗ ಪುಟದಿತ್ರೀ, ನಾ ಕಣ್ಣಾರೆ ನೋಡೀನಿ. ಬ್ಯಾರೆಯವರ ಮಗಳಾಗಿದ್ರ ಎರರ್ ಅಂತ ಬರೀತಿದ್ದೆ. ನನ್ನ ಮಗಳಂತ ಹೆಂಗ ಬಿಡ್ಲಿ? ಆದ್ರ ಆಕಿ ಉಣ್ಣದ ಮಲಗಿದಾಗ ತಿದ್ದಿಬಿಡೂಣಂತ ಎರಡು ಸಲ ಕಂಪ್ಯೂಟರ್ ಮುಂದ ಹೋಗಿ ಕುಂತೆ. ಎದ್ದು ಬಂದೆ," ಎನ್ನುತ್ತಾ ರತ್ನವ್ವ ಮೈದಾನದತ್ತ ನೋಡುತ್ತಾರೆ.

ಪ್ರಶಸ್ತಿ ಕೈತಪ್ಪಿತು. ಅಕ್ಟೋಬರ್ ಪೂರ್ತಿ ಮನೆಯಲ್ಲಿ ಅವಶ್ಯಕತೆಗೆ ತಕ್ಕಷ್ಟೇ ಮಾತು. ಮಾರ್ಚ್‌ನಲ್ಲಿ ಅಭ್ಯಾಸ ಶುರುವಾದಾಗ, ಮಗಳ ಮನಸ್ಸು ನೋಯಿಸಿ ಈ ಕೆಲಸ ಬೇಡವೆಂದು ರತ್ನವ್ವ ಹಾಳೆಗಳನ್ನೆಲ್ಲ ಭಾರ್ಗವರಿಗೆ ಒಪ್ಪಿಸಿದರು. ಮುಂದಿನ ವಾರ ಆ ಹಾಳೆಗಳನ್ನು ಮನೆಗೆ ವಾಪಸ್ ತಂದವಳು ಸೃಷ್ಟಿಯೇ. ಟೇಬಲ್ ಮೇಲಿಟ್ಟು, "ಯು ಆರ್ ಡೂಯಿಂಗ್ ಇಟ್, ಅಮ್ಮ," ಎಂದಳಂತೆ.

ಯಾಕೆ ಎಂದು ನಾನು ಕೇಳಿದರೆ ಸೃಷ್ಟಿ ಕೈಗವಸು ತಟ್ಟುತ್ತಾ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಮೊದಲು ತನ್ನ ಅಂಕಿ ನೋಡಿ ಜನ ಮುಸಿಮುಸಿ ನಗುತ್ತಿದ್ದರು. ಆ ಎರರ್ ಆದ ಮೇಲೆ ಯಾರೂ ನಗುವುದಿಲ್ಲ, ಇಪ್ಪತ್ತಾರು ಅಂದರೆ ಇಪ್ಪತ್ತಾರೇ ಎಂದು ಎಲ್ಲರಿಗೂ ಗೊತ್ತು ಎನ್ನುತ್ತಾಳೆ. "ಬಟ್ ಇಟ್ ವಾಸ್ ಎ ಬ್ಯಾಡ್ ಹಾಪ್," ಎಂದು ಸೇರಿಸುತ್ತಾಳೆ. ಮೇಜಿನ ಹಿಂದಿನಿಂದ ತಾಯಿಯ ದನಿ: "ಇಲ್ಲ. ನೆಟ್ಟಗ ಬಂದಿತ್ತು."

ಈ ಜಗಳ ಮುಗಿಯುವಂತೆ ಕಾಣುವುದಿಲ್ಲ. ಇಬ್ಬರಿಗೂ ಮುಗಿಸುವ ಆತುರವೂ ಇಲ್ಲ.

ಅಂಪೈರ್ ಕೈ ಎತ್ತುತ್ತಾರೆ, ಪಂದ್ಯ ಶುರುವಾಗುತ್ತದೆ. ಮೂರನೇ ಚೆಂಡಿಗೇ ಸೃಷ್ಟಿ ಬಲಕ್ಕೆ ಜಿಗಿದು, ನೆಲದ ಮೇಲೆ ಜಾರುತ್ತಲೇ ಚೆಂಡು ಹಿಡಿದು, ಮಂಡಿಯೂರಿ ಎಸೆಯುತ್ತಾಳೆ. ಔಟ್. ಸುತ್ತಲಿನವರು ಕುಣಿದಾಡುತ್ತಾರೆ. ರತ್ನವ್ವ ತಲೆ ಬಗ್ಗಿಸಿ ಬರೆಯುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳುತ್ತೇನೆ.

"ಸ್ಕೋರರ್ ಆದವರು ಚಪ್ಪಾಳಿ ಹೊಡೀಬಾರದ್ರೀ, ಯಾರ ಕಡೆಗೂ," ಎನ್ನುತ್ತಾರೆ ಅವರು, ಹಾಳೆಯಿಂದ ಕಣ್ಣೆತ್ತದೆ. "ಏಳು ವರ್ಷ ಆತು, ನನ್ನ ಮಗಳಿಗೆ ನಾ ಒಮ್ಮೆನೂ ಚಪ್ಪಾಳಿ ಹೊಡದಿಲ್ಲ. ಒಂದಽ ಒಂದು ದಿನ ಆ ಕಡೆ ಮಂದಿಯೊಳಗ ನಿಂತು, ಕೈ ಕೆಂಪಾಗೂತನ ಹೊಡೀಬೇಕು."