ಬಿರುಕನ್ನು ಅಂಕಿಯೆಂದು ಓದಿದವನು

ಹೂಲಿಯ ಹಳೆಯ ಗುಡಿಯೊಂದರ ಶಾಸನವನ್ನು ಕುರಿತ ಲೇಖನವೇ ನನಗೆ ಸಂಶೋಧಕನೆಂಬ ಹೆಸರನ್ನು ತಂದುಕೊಟ್ಟದ್ದು. ಅದರಲ್ಲಿ ಕೆತ್ತಿದ ತಿಥಿಗೂ ವಾರಕ್ಕೂ ಹೊಂದಿಕೆಯಾಗುವುದಿಲ್ಲ, ಕಲ್ಕುಟಿಗನೇ ತಪ್ಪಿದ್ದಾನೆ ಎಂದು ತೀರ್ಮಾನಿಸಿದ್ದೆ. ನಾನು ನಿವೃತ್ತನಾಗಿ ಬೈಲಹೊಂಗಲದಲ್ಲಿ ನೆಲೆಸುವವರೆಗೂ ಅದನ್ನು ಯಾರೂ ಪ್ರಶ್ನಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕಾಲೇಜಿನ ಉಪನ್ಯಾಸಕಿ, ನನ್ನನ್ನು ಆ ಗುಡಿಗೆ ಕರೆದೊಯ್ದಳು. ಸಂಜೆಯ ಓರೆಬಿಸಿಲು ಕಲ್ಲನ್ನು ಸವರಿಕೊಂಡು ಹೋಗುತ್ತಿತ್ತು.

"ಸರ್, ತಿಥಿ ಅಂಕಿ ನೋಡ್ರಿ. ಈ ಗೆರಿ ಅಂಕಿ ದಾಟಿ ಕೆಳಗಿನ ಸಾಲಿಗೂ ಇಳದೈತಿ. ಇದು ಉಳಿ ಏಟಲ್ರಿ, ಬಿರುಕು!"

ಬೆರಳಾಡಿಸಿ ನೋಡಿದೆ. ಬಿರುಕೇ. ಸಹಾಯಕರು ಕಲ್ಲಿಗೆ ಕಾಗದವೊತ್ತಿ ಮಸಿ ಬಳಿದು ತೆಗೆದುಕೊಟ್ಟ ಅಚ್ಚಿನಲ್ಲಿ ಬಿರುಕೂ ಗೆರೆಯೂ ಒಂದೇ ಬಗೆಯಲ್ಲಿ ಬೆಳ್ಳಗೆ ಕಾಣುತ್ತವೆ. ನಾನು ಅಚ್ಚನ್ನಷ್ಟೇ ಓದಿದ್ದೆ, ಕಲ್ಲನ್ನು ಮುಟ್ಟಿರಲಿಲ್ಲ. ಆ ಗೆರೆಯನ್ನು ಬಿಟ್ಟು ಮೂರು ಬಾರಿ ಗಣಿಸಿದೆವು. ಮೂರು ಬಾರಿಯೂ ವಾರ ಕೂಡಿಬಂತು! ಅವಳು ಚಪ್ಪಾಳೆ ತಟ್ಟಿದವಳು ನನ್ನ ಮುಖ ಕಂಡು ಕೈ ಇಳಿಸಿದಳು.

"ಇದನ್ನ ಬರ್ಯೂದು ಬ್ಯಾಡ ಬಿಡ್ರಿ ಸರ್. ನಿಮ್ಮ ಹೆಸರು ಕೆಡತೈತಿ."

ಆಮೇಲೆ ನೋಡೋಣವೆಂದು ಮನೆಯ ದಾರಿ ಹಿಡಿದೆ.

ಮನೆಯಲ್ಲಿ ಹೆಂಡತಿ ಕೇಳಿದಳು: "ಯಾಕ್ರಿ, ಮಾರಿ ಹಿಂಗ್ಯಾಕ ಮಾಡೀರಿ?"

ನಡೆದದ್ದನ್ನೆಲ್ಲ ಹೇಳಿದೆ. "ಈ ಓದು ಸುಳ್ಳಾದ್ರ ನಾ ಯಾಂವ?"

"ಅಯ್ಯ, ಶಾಣ್ಯಾ! ಚರ್ಚಿನ್ಯಾಗ ದೀಕ್ಷಾಸ್ನಾನ ಆಗೂ ಮುಂದ ಮೂರು ತಿಂಗಳ ಕೂಸಿದ್ರಿ. ಆವಾಗ ಎಷ್ಟ ಶಾಸನ ಓದಿದ್ರಿ?"

ಪರಿಶೀಲಿಸದೆ ಒಪ್ಪುವ ಜಾಯಮಾನ ನನ್ನದಲ್ಲ. ತಾಯಿಯ ಬೈಬಲಿನ ಮೊದಲ ಪುಟದಲ್ಲಿ ಬರೆದಿಟ್ಟ ಹುಟ್ಟಿನ, ದೀಕ್ಷಾಸ್ನಾನದ ಎರಡೂ ದಿನಾಂಕಗಳನ್ನು ಹಿಡಿದು ಎಣಿಸಿದೆ. ಮೂರಲ್ಲ, ಎರಡೇ ತಿಂಗಳು. ಅಲ್ಲಿ ನನ್ನ ಹೆಸರಿತ್ತು, ತಂದೆತಾಯಿಯರ ಹೆಸರಿತ್ತು, ತಂದೆ, ಮಗ, ಪವಿತ್ರಾತ್ಮನೆಂಬ ತ್ರಿಯೇಕ ದೇವರ ಹೆಸರಿತ್ತು. ಕತ್ತನ್ನೂ ನಿಲ್ಲಿಸಲಾರದ ಆ ಕೂಸನ್ನು ದೇವರು ಆ ಸ್ನಾನದಲ್ಲಿ ತನ್ನ ಮಗನೆಂದು ಕರೆದಾಗ ಅದಕ್ಕೆ ಒಂದಕ್ಷರವೂ ಬರುತ್ತಿರಲಿಲ್ಲ. ಶಾಸನ ಓದುವ ಕೆಲಸವನ್ನು ಆತ ಎಷ್ಟೋ ವರ್ಷಗಳ ಮೇಲೆ ನನ್ನ ಕೈಗಿತ್ತ. ಸೋತರೆ ಆ ಕೆಲಸದಲ್ಲಿ ಸೋತೇನೇ ಹೊರತು ಆತನ ಮಗನಾಗಿರುವುದು ಹೇಗೆ ತಪ್ಪೀತು? ಪ್ರತಿ ಭಾನುವಾರ ಹಾಡಿ ಒಪ್ಪಿಕೊಂಡ ಈ ಮಾತು ಅಂದು ಮೈಯೆಲ್ಲ ಸಂಚರಿಸಿತು. ಕಲ್ಕುಟಿಗ ಸರಿಯಾಗಿಯೇ ಕೆತ್ತಿದ್ದ ಎಂಬ ಸಂತೋಷ ಆಗ ತಡೆಯಿಲ್ಲದೆ ಉಕ್ಕಿತು. ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಕೂಡಲೇ ಶಿಷ್ಯೆಗೆ ಫೋನು ಮಾಡಿದೆ.

"ನೀನ ಬರಿ, ನಿನ್ನ ಹೆಸರಿಲೆ ಬರಿ. ನನ್ನ ತಪ್ಪು ಮೊದಲನೇ ಸಾಲಿನ್ಯಾಗ ಇರ್ಲಿ."

"ಖರೇನ್ರಿ ಸರ್?"

"ಖರೇನ. ಮತ್ತ ಕೇಳಿಲ್ಲಿ, ತೊರಗಲ್‌ನಾಗ ಇನ್ನೂ ಎರಡು ಕಲ್ಲ ಅದಾವ. ಅವನ್ನೂ ನಾ ಕಾಗದದ ಮ್ಯಾಲ ಓದೇನಿ. ಯಾವಾಗ ಹೋಗೂಣು?"